ಅಪ್ಪನ ಲೆಕ್ಕದ ಪುಸ್ತಕದಲ್ಲಿದ್ದ 26 ಅಂಕಿಯ ಸಂಖ್ಯೆ

ಹೋದ ತಿಂಗಳು ತಿಪಟೂರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ಮೂರು ಲೆಕ್ಕದ ಪುಸ್ತಕ ಸಿಕ್ಕವು. ಕೆಂಪು ಬಟ್ಟೆ ಹೊದಿಸಿದ ರಟ್ಟು, ಉದ್ದುದ್ದ ಹಾಳೆ. ಅಪ್ಪ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಇಷ್ಟೇ ಆ ಪುಸ್ತಕಗಳ ತುಂಬಾ. ಅವರ ಅಕ್ಷರ ಸಣ್ಣದು, ಅಂಕಿಗಳು ಮಾತ್ರ ದುಂಡಗೆ, ದೊಡ್ಡದಾಗಿ ಇರುತ್ತಿದ್ದವು.

ಮೂರನೆಯ ಪುಸ್ತಕದ ಕೊನೆಯ ಪುಟದಲ್ಲಿ ಕೊಬ್ಬರಿಗೆ ಸಂಬಂಧವೇ ಇಲ್ಲದ ಒಂದು ಲೆಕ್ಕ ಇತ್ತು. ಮೇಲೆ ಬರೆದದ್ದು: "ಶಕುಂತಲಾ ದೇವಿ, ಲಂಡನ್, 18-6-1980. 28 ಸೆಕೆಂಡು." ಕೆಳಗೆ ಎರಡು ಸಂಖ್ಯೆ, ನಡುವೆ ಗುಣಿಸುವ ಚಿಹ್ನೆ:

76,86,36,97,74,870
24,65,09,97,45,779

ಗೆರೆ ಎಳೆದು ಅದರ ಕೆಳಗೆ ಉತ್ತರ:

1,89,47,66,81,77,99,54,26,64,27,73,730

ಆ ಉತ್ತರದ ಪಕ್ಕದಲ್ಲಿ ಅಪ್ಪನ ರೈಟ್ ಗುರುತು. ಅಂಚಿನಲ್ಲಿ ಪುಟ್ಟದಾಗಿ ಮೂರು ಅಂಕಿ: 6, 2, 3.

ಶಕುಂತಲಾ ದೇವಿಯವರ ವಿಷಯ ಗೊತ್ತಿಲ್ಲದವರು ಕಡಿಮೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಹದಿಮೂರು ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು ಕೊಟ್ಟರು. ಅವರು 28 ಸೆಕೆಂಡಿನಲ್ಲಿ ಬಾಯಲ್ಲೇ ಉತ್ತರ ಹೇಳಿದರು. 1982ರ ಗಿನ್ನೆಸ್ ಪುಸ್ತಕದಲ್ಲಿ ಅದು ದಾಖಲಾಯಿತು. ಲಂಡನ್ನಿನ ಲೆಕ್ಕಕ್ಕೆ ಮೂರು ವರ್ಷ ಮೊದಲೇ, 1977ರಲ್ಲಿ, ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಯ ಒಂದು ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದರು. ಆ ಉತ್ತರ 546372891. ಒಂದರಿಂದ ಒಂಬತ್ತರವರೆಗಿನ ಎಲ್ಲಾ ಅಂಕಿ ಒಂದೊಂದೇ ಸಲ ಬಂದಿವೆ ನೋಡಿ! ನನಗೆ ಆ ಸಂಖ್ಯೆ ತುಂಬಾ ಇಷ್ಟ.

ಅಪ್ಪನಿಗೆ ಅವರ ಮೇಲೆ ಅಪಾರ ಗೌರವ. "ನಮ್ಮ ಬೆಂಗಳೂರಿನ ಹೆಣ್ಣುಮಗಳು" ಅಂತಲೇ ಮಾತು ಶುರು ಮಾಡುತ್ತಿದ್ದರು. ನಾನು ಬಿಎಸ್ಸಿಗೆ ಗಣಿತ ತೆಗೆದುಕೊಂಡದ್ದಕ್ಕೂ, ಆಮೇಲೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದಕ್ಕೂ ಆ ಮಾತು ಒಂದು ಕಾರಣ.

ಅಂಚಿನ 6, 2, 3 ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ಅದು ಒಂಬತ್ತರ ತಾಳೆ. ಅಪ್ಪ ನನಗೆ ಮಗ್ಗಿ ಕಲಿಸುವ ಮೊದಲೇ ಅದನ್ನು ಕಲಿಸಿದ್ದರು. ಒಂದು ಸಂಖ್ಯೆಯ ಅಂಕಿಗಳನ್ನೆಲ್ಲಾ ಕೂಡಿ, ಒಂಬತ್ತು ಒಂಬತ್ತು ಕಳೆದು, ಉಳಿದದ್ದನ್ನು ಇಟ್ಟುಕೊಳ್ಳಬೇಕು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತು ಕಳೆಯುತ್ತಾ ಹೋದರೆ 6. ಎರಡನೆಯದರ ಮೊತ್ತ 74, ಉಳಿದದ್ದು 2. ಆರೆರಡ್ಲಿ ಹನ್ನೆರಡು, ಒಂಬತ್ತು ಕಳೆದರೆ 3. ಉತ್ತರದ ಅಂಕಿಗಳ ಮೊತ್ತ 138. ಅದರಲ್ಲೂ ಉಳಿಯುವುದು 3. ತಾಳೆ ಆಯಿತು. ಅಪ್ಪ ರೈಟ್ ಹಾಕಿದ್ದಾರೆ.

ಇದು ಯಾಕೆ ಸರಿಯಾಗುತ್ತದೆ ಅಂತ ಅಪ್ಪ ನೋಟಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಹತ್ತರ ನೋಟಿನಲ್ಲಿ ಒಂಬತ್ತು ಜನಕ್ಕೆ ಸಮ ಹಂಚಿದರೆ ಒಂದು ರೂಪಾಯಿ ಉಳಿಯುತ್ತದೆ. ನೂರರ ನೋಟಿನಲ್ಲೂ ಒಂದೇ ರೂಪಾಯಿ ಉಳಿಯುತ್ತದೆ. ಸಾವಿರದಲ್ಲೂ ಅಷ್ಟೇ. ಹಾಗಾಗಿ ಎಷ್ಟು ನೋಟು ಇವೆಯೋ ಅಷ್ಟು ರೂಪಾಯಿ ಉಳಿಯುತ್ತದೆ, ನೋಟು ಯಾವುದಾದರೂ ಸರಿ. ಅಂಕಿ ಕೂಡುವುದು ಅಂದರೆ ನೋಟು ಎಣಿಸುವುದು.

ಅವತ್ತು ರಾತ್ರಿ ಬೆಂಗಳೂರಿನಲ್ಲಿರುವ ತಮ್ಮನಿಗೆ ಪುಟದ ಫೋಟೋ ಕಳಿಸಿದೆ. ಅವನು ಆಫೀಸಿನ ಸ್ಪ್ರೆಡ್‌ಶೀಟಿನಲ್ಲಿ ಎರಡು ಸಂಖ್ಯೆ ಹಾಕಿ ಗುಣಿಸಿ ಉತ್ತರ ಕಳಿಸಿದ. "ಅಕ್ಕಾ, ಕಂಪ್ಯೂಟರ್ ಹೀಗೆ ಹೇಳ್ತಿದೆ" ಅಂತ. ನೋಡಿದರೆ 189476681779954, ಅದರ ಮುಂದೆ ಹನ್ನೊಂದು ಸೊನ್ನೆ. ಇಂಥ ಹಾಳೆಗಳು ಮೊದಲ ಹದಿನೈದು ಅಂಕಿ ಮಾತ್ರ ಇಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ತುಂಬುತ್ತವೆ. ಅದರ ಅಂಕಿಗಳ ಮೊತ್ತ 91, ಒಂಬತ್ತು ಕಳೆದರೆ 1. ಬೇಕಾಗಿದ್ದು 3. ಅಪ್ಪನ ತಾಳೆ ಅದನ್ನು ಅರ್ಧ ನಿಮಿಷದಲ್ಲಿ ಹಿಡಿಯಿತು.

ಆಮೇಲೆ ನಿದ್ದೆ ಬರಲಿಲ್ಲ. ಅಪ್ಪ ಒಂಬತ್ತರ ತಾಳೆ ಮಾಡಿದ್ದಾರೆ, ನಾನು ಹನ್ನೊಂದರದ್ದು ಮಾಡೋಣ ಅನ್ನಿಸಿತು.

ಹನ್ನೊಂದರ ತಾಳೆ ಹೀಗೆ. ಬಲಗಡೆಯಿಂದ ಹೊರಟು ಒಂದು ಅಂಕಿ ಕೂಡುವುದು, ಮುಂದಿನದು ಕಳೆಯುವುದು, ಮತ್ತೆ ಕೂಡುವುದು. ಹತ್ತು ಅಂದರೆ ಹನ್ನೊಂದಕ್ಕೆ ಒಂದು ಕಡಿಮೆ, ನೂರು ಅಂದರೆ 99ಕ್ಕೆ ಒಂದು ಜಾಸ್ತಿ, ಸಾವಿರ ಅಂದರೆ 1001ಕ್ಕೆ ಒಂದು ಕಡಿಮೆ. ಅದಕ್ಕೇ ಈ ಕೂಡು, ಕಳೆ. ಎರಡನೆಯ ಸಂಖ್ಯೆಗೆ ಮಾಡಿ ನೋಡಿದೆ: 9−7+7−5+4−7+9−9+0−5+6−4+2. ಉತ್ತರ 0! ಅಂದರೆ ಲಂಡನ್ನಿನವರು ಕೊಟ್ಟ ಎರಡನೆಯ ಸಂಖ್ಯೆ ಹನ್ನೊಂದರಿಂದ ಪೂರ್ತಿ ಭಾಗವಾಗುತ್ತದೆ. ಹಾಗಾದರೆ ಗುಣಲಬ್ಧವೂ ಹನ್ನೊಂದರಿಂದ ಭಾಗವಾಗಲೇಬೇಕು. ಬೇರೆ ದಾರಿ ಇಲ್ಲ.

ಅಪ್ಪನ ಉತ್ತರಕ್ಕೆ ಮಾಡಿದೆ. 4 ಬಂತು.

ಮತ್ತೆ ಮಾಡಿದೆ. 4.

ಒಂದು ಕ್ಷಣ ಎದೆ ಧಸಕ್ಕೆಂದಿತು. ಆ ಮಹಾತಾಯಿ ತಪ್ಪು ಹೇಳಿರಲು ಸಾಧ್ಯವಿಲ್ಲ. ಅಪ್ಪನ ರೈಟ್ ಗುರುತು ಬೇರೆ ಇದೆ. ಆದರೆ ಹನ್ನೊಂದು ಸುಳ್ಳು ಹೇಳುವುದಿಲ್ಲ.

ಶಾಲೆಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಕಲಿತ ಒಂದು ವಿಷಯ ಇದೆ. ಒಂಬತ್ತರ ತಾಳೆ ಸರಿ ಬಂದು ಉತ್ತರ ತಪ್ಪಿದ್ದರೆ, ಹೆಚ್ಚಿನ ಸಲ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುತ್ತವೆ. 46ನ್ನು 64 ಅಂತ ಬರೆದರೂ ಮೊತ್ತ ಹತ್ತೇ. ಒಂಬತ್ತಿಗೆ ಅಂಕಿಯ ಜಾಗ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ. ಹನ್ನೊಂದಕ್ಕೆ ಜಾಗವೂ ಕಾಣುತ್ತದೆ, ಅಲ್ವಾ? ಕೂಡುವ ಜಾಗದಲ್ಲಿದ್ದದ್ದು ಕಳೆಯುವ ಜಾಗಕ್ಕೆ ಹೋದರೆ ಅದಕ್ಕೆ ತಕ್ಷಣ ತಿಳಿಯುತ್ತದೆ.

ಹಾಗಾದರೆ ಯಾವ ಜೋಡಿ? ಅಪ್ಪನ ಸಂಖ್ಯೆಯಲ್ಲಿ 4 ಜಾಸ್ತಿ ಬಂದಿದೆ. ಅಂದರೆ ಕೂಡುವ ಜಾಗದಲ್ಲಿರುವ ಅಂಕಿ, ಪಕ್ಕದ ಕಳೆಯುವ ಜಾಗದ ಅಂಕಿಗಿಂತ ಸರಿಯಾಗಿ 2 ದೊಡ್ಡದಾಗಿರಬೇಕು. ಜಾಗ ಬದಲಿಸಿದರೆ ಪ್ಲಸ್ 2 ಹೋಗಿ ಮೈನಸ್ 2 ಆಗುತ್ತದೆ, ನಾಲ್ಕು ಇಳಿಯುತ್ತದೆ. (0 ಮತ್ತು 9 ಅಕ್ಕಪಕ್ಕ ಇದ್ದರೂ ಇದೇ ಶೇಷ ಬರಬಹುದು. ಇಲ್ಲಿ ಅಂಥ ಜೋಡಿ ಇಲ್ಲ.) ಬಲಗಡೆಯಿಂದ ಒಂದೊಂದೇ ಜೋಡಿ ನೋಡುತ್ತಾ ಹೋದೆ. 25 ಜೋಡಿಯಲ್ಲಿ ಮೂರೇ ಮೂರು ಸಿಕ್ಕವು. ಒಂದು, 26 ಮತ್ತು 27ರ ನಡುವಿನ 64. ಎರಡು, 77 ಮತ್ತು 99 ಸೇರುವ ಕಡೆ ಇರುವ 79. ಮೂರು, 66 ಮತ್ತು 81 ಸೇರುವ ಕಡೆ ಇರುವ 68.

ಮೂರರಲ್ಲಿ ಒಂದನ್ನು ಆರಿಸಲು ಏಳನ್ನು ಕರೆದೆ.

ಏಳಕ್ಕೆ ಒಂದು ಸೊಗಸಾದ ದಾರಿ ಇದೆ. 7×11×13 ಅಂದರೆ 1001. ಹಾಗಾಗಿ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ, ಒಂದು ತುಂಡು ಕೂಡಿ, ಮುಂದಿನ ತುಂಡು ಕಳೆದರೆ, ಬಂದದ್ದನ್ನು ಏಳರಿಂದ ಭಾಗಿಸಿದರೆ ಸಾಕು. ಮೊದಲ ಸಂಖ್ಯೆ: 870−774+369−686+7. ಅದು ಮೈನಸ್ 214. ಅದಕ್ಕೆ 217 ಸೇರಿಸಿದರೆ 3. ಎರಡನೆಯದು: 779−745+99−465+2, ಅಂದರೆ ಮೈನಸ್ 330. 336 ಸೇರಿಸಿದರೆ 6. ಮೂರಾರ್ಲಿ ಹದಿನೆಂಟು, ಹದಿನಾಲ್ಕು ಕಳೆದರೆ 4. ಸರಿಯಾದ ಉತ್ತರವನ್ನು ಏಳರಿಂದ ಭಾಗಿಸಿದರೆ 4 ಉಳಿಯಬೇಕು.

ಅಪ್ಪನ ಉತ್ತರ: 730−773+642−426+995−177+668−947+18. ಬಂದದ್ದು 730. ಏಳರಿಂದ ಭಾಗಿಸಿದರೆ ಉಳಿಯುವುದು 2. ಇಲ್ಲೂ ತಪ್ಪು ಕಾಣಿಸಿತು.

ಈಗ ಒಂದೊಂದೇ ಜೋಡಿ ತಿದ್ದಿ ನೋಡಿದೆ. 68ನ್ನು 86 ಮಾಡಿದರೆ 668 ಹೋಗಿ 686 ಆಗುತ್ತದೆ, ಮೊತ್ತ 748, ಶೇಷ 6. ಅಲ್ಲ. 79ನ್ನು 97 ಮಾಡಿದರೆ 177 ಹೋಗಿ 179, 995 ಹೋಗಿ 795. ಮೊತ್ತ 528, ಶೇಷ 3. ಅದೂ ಅಲ್ಲ. 64ನ್ನು 46 ಮಾಡಿದರೆ 642 ಹೋಗಿ 462. ಮೊತ್ತ 550. 546 ಕಳೆದರೆ ಉಳಿದದ್ದು 4.

ಸಿಕ್ಕಿತು! ರಾತ್ರಿ ಹನ್ನೆರಡೂವರೆಗೆ ಅಡುಗೆಮನೆಯ ಮೇಜಿನ ಮುಂದೆ ಒಬ್ಬಳೇ ಎದ್ದು ನಿಂತಿದ್ದೆ.

ಪೇಪರಿನಲ್ಲಿ ಇಂಗ್ಲಿಷ್ ಕ್ರಮದಲ್ಲಿ, ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ ಅಚ್ಚಾಗಿದ್ದಿರಬೇಕು: 18,947,668,177,995,426,462,773,730. ಅಪ್ಪ ಅದನ್ನು ನಮ್ಮ ಲಕ್ಷ, ಕೋಟಿಯ ಕ್ರಮಕ್ಕೆ ಎರಡೆರಡಾಗಿ ಒಡೆದು ಬರೆದಿದ್ದಾರೆ. 426,462 ಅನ್ನುವ ಕಡೆ 4, 2, 6 ಮೂರೂ ಎರಡು ಸಲ ಬರುತ್ತವೆ. ಒಡೆದು ಬರೆಯುವಾಗ ಕಣ್ಣು ಜಾರುವ ಜಾಗ ಇದ್ದರೆ ಅದೇ.

ಬೆಳಗ್ಗೆ ಪೂರ್ತಿ ಗುಣಿಸಿಯೇ ಬಿಡೋಣ ಅಂತ ಕೂತೆ. ಚೌಕದ ಗೆರೆಯ ಗ್ರಾಫ್ ಹಾಳೆ ತೆಗೆದುಕೊಂಡೆ. ಹದಿಮೂರು ಸಾಲು. ಶಾಲೆಯ ಕ್ರಮದಲ್ಲಿ ಗುಣಿಸಿದರೆ 13×13, ಒಟ್ಟು 169 ಸಲ ಮಗ್ಗಿ ಹೇಳಬೇಕು, ಪ್ರತಿ ಸಲ ದಶಕ ನೆನಪಿಟ್ಟುಕೊಳ್ಳಬೇಕು, ಆಮೇಲೆ ಹದಿಮೂರು ಸಾಲು ಕೂಡಬೇಕು. ನನಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ನಡುವೆ ಕಾಫಿ ಆರಿ ಹೋಯಿತು. 28 ಸೆಕೆಂಡು ಅಂದರೆ ಸೆಕೆಂಡಿಗೆ ಆರು ಮಗ್ಗಿ, ಕೂಡುವುದು ಬೇರೆ! ಆ ಲೆಕ್ಕವನ್ನು ನಾನೇ ಕೈಯಾರೆ ಮಾಡುವ ತನಕ ಅವರು ಮಾಡಿದ್ದು ಎಷ್ಟು ದೊಡ್ಡದು ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ. ಉತ್ತರದಲ್ಲಿ ಆ ಜಾಗಕ್ಕೆ ಬಂದಾಗ 46 ಇತ್ತು.

ಅಪ್ಪನ ಪುಟವನ್ನು ನಾನು ತಿದ್ದಲಿಲ್ಲ. 64ರ ಕೆಳಗೆ ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆದು, ಅಂಚಿನಲ್ಲಿ ಅವರ 6, 2, 3ರ ಕೆಳಗೆ ನನ್ನ ಮೂರು ಅಂಕಿ ಬರೆದೆ. ಹನ್ನೊಂದರ ತಾಳೆ: 6, 0, 0.

ಇಷ್ಟಾದ ಮೇಲೆ ಆ ಸಂಖ್ಯೆಯನ್ನು ಬಿಡಲು ಮನಸ್ಸಾಗಲಿಲ್ಲ. ಇಷ್ಟು ದಿನ ಎಲ್ಲರೂ ಅದನ್ನು ಒಂದು ಉತ್ತರ ಅಂತ ಮಾತ್ರ ನೋಡಿದ್ದೇವೆ. ಆ ಸಂಖ್ಯೆ ತಾನೇ ಎಂಥದ್ದು? ಯಾವ ಗುಂಪಿಗೆ ಸೇರುತ್ತದೆ, ಯಾವುದಕ್ಕೆ ಸೇರುವುದಿಲ್ಲ?

ಸುಮ್ನೆ ಕಣ್ಣಾಡಿಸಿದರೆ ಕಾಣುವುದು ಮೊದಲು. ಅದರಲ್ಲಿ 0ಯಿಂದ 9ರವರೆಗೆ ಹತ್ತೂ ಅಂಕಿಗಳಿವೆ. ಸೊನ್ನೆ ಮತ್ತು ಐದು ಒಂದೊಂದೇ ಸಲ. ಏಳು ಮಾತ್ರ ಆರು ಸಲ ಬಂದಿದೆ. ಇಷ್ಟೊಂದು ಏಳು ಇಟ್ಟುಕೊಂಡೂ ಅದು ಏಳರಿಂದ ಭಾಗವಾಗುವುದಿಲ್ಲ, ಮೇಲೆ ನೋಡಿದೆವಲ್ಲ, 4 ಉಳಿಯುತ್ತದೆ. ಹದಿಮೂರರಿಂದ ಭಾಗಿಸಿದರೂ ಉಳಿಯುವುದು ಅದೇ 4.

ಕೊನೆಯ ಅಂಕಿ 0, ಹಾಗಾಗಿ 2ರಿಂದ, 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 138, ಹಾಗಾಗಿ 3ರಿಂದ ಆಗುತ್ತದೆ, 9ರಿಂದ ಆಗುವುದಿಲ್ಲ. ಕೊನೆಯ ಎರಡು ಅಂಕಿ 30, ಹಾಗಾಗಿ 4ರಿಂದ ಇಲ್ಲ, 25ರಿಂದಲೂ ಇಲ್ಲ. ಹನ್ನೊಂದರಿಂದ ಒಂದೇ ಸಲ, 121ರಿಂದ ಇಲ್ಲ. ಅಂದರೆ 2, 3, 5, 11 ಈ ನಾಲ್ಕೂ ಒಂದೊಂದೇ ಸಲ ಅದರೊಳಗೆ ಕೂತಿವೆ. ನಾಲ್ಕನ್ನೂ ಹೊರಗೆ ತೆಗೆದರೆ 330 ಗುಣಿಸು 57417176296955837765981.

ಈ "ಒಂದೇ ಸಲ" ಅನ್ನುವುದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ಸಂಖ್ಯೆಯ ಗುಣವೆಲ್ಲಾ ಅದರಲ್ಲೇ ಇದೆ. ಮೊದಲಿಗೆ, ಇದು ಯಾವುದರ ವರ್ಗವೂ ಅಲ್ಲ. ವರ್ಗವಾಗಿದ್ದರೆ ಪ್ರತಿ ಅವಿಭಾಜ್ಯ ಅಪವರ್ತನವೂ ಜೋಡಿಯಾಗಿ ಇರಬೇಕಿತ್ತು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಆಗುವುದಿಲ್ಲ. ಇದನ್ನು ಒಂಬತ್ತನೇ ತರಗತಿಯ ಮಗುವಿಗೂ ಹೇಳಿಕೊಡಬಹುದು. ಯಾವ ವರ್ಗವನ್ನು 3ರಿಂದ ಭಾಗಿಸಿದರೂ ಉಳಿಯುವುದು 0 ಇಲ್ಲವೇ 1, ಎಂದೂ 2 ಅಲ್ಲ. ಎರಡು ವರ್ಗ ಕೂಡಿ 3ರಿಂದ ಭಾಗವಾಗಬೇಕಾದರೆ ಎರಡರಲ್ಲೂ ಶೇಷ 0 ಇರಬೇಕು. ಹಾಗಿದ್ದರೆ ಎರಡೂ 9ರಿಂದಲೇ ಭಾಗವಾಗುತ್ತವೆ, ಮೊತ್ತವೂ 9ರಿಂದ ಭಾಗವಾಗುತ್ತದೆ. ನಮ್ಮ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಅಪ್ಪ ಅಂಚಿನಲ್ಲಿ ಬರೆದ ಆ 3ರಲ್ಲೇ ಈ ಉತ್ತರ ಇತ್ತು!

ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದರೆ ಬರುತ್ತದೆಯೇ? ಅದೂ ಇಲ್ಲ. ವರ್ಗವನ್ನು 4ರಿಂದ ಭಾಗಿಸಿದರೆ 0 ಅಥವಾ 1 ಉಳಿಯುತ್ತದೆ. ಅವುಗಳ ವ್ಯತ್ಯಾಸದಲ್ಲಿ 2 ಉಳಿಯಲು ಸಾಧ್ಯವೇ ಇಲ್ಲ. ನಮ್ಮದರಲ್ಲಿ 2 ಉಳಿಯುತ್ತದೆ. ಆದರೆ ಮೂರು ವರ್ಗಗಳ ಮೊತ್ತವಾಗಿ ಬರೆಯಬಹುದು. ಫ್ರಾನ್ಸಿನ ಲೆಜಾಂಡ್ರ್ ತೋರಿಸಿಕೊಟ್ಟ ನಿಯಮ ಅದು. ಸಂಖ್ಯೆಯಿಂದ 4ನ್ನು ಎಷ್ಟು ಸಲ ಆಗುತ್ತದೋ ಅಷ್ಟು ಸಲ ಭಾಗಿಸಿ ತೆಗೆದ ಮೇಲೆ, ಉಳಿದದ್ದನ್ನು 8ರಿಂದ ಭಾಗಿಸಿದಾಗ ಶೇಷ 7 ಬಂದರೆ ಮಾತ್ರ ಆಗುವುದಿಲ್ಲ. ನಮ್ಮ ಸಂಖ್ಯೆಯಿಂದ ಒಂದು 4 ಕೂಡ ಹೊರಗೆ ಬರುವುದಿಲ್ಲ, ಎಂಟರ ಶೇಷ 2. ಹಾಗಾಗಿ ಮೂರು ವರ್ಗ ಎಲ್ಲೋ ಇವೆ.

ಇನ್ನೊಂದು ಹಳೆಯ ವಿಂಗಡಣೆ ಇದೆ, ಗ್ರೀಕರ ಕಾಲದ್ದು. ಒಂದು ಸಂಖ್ಯೆಯನ್ನು ಯಾವ ಯಾವ ಸಂಖ್ಯೆ ಭಾಗಿಸುತ್ತವೋ ಅವನ್ನೆಲ್ಲಾ, ಆ ಸಂಖ್ಯೆಯೊಂದನ್ನು ಬಿಟ್ಟು, ಕೂಡಬೇಕು. ಸರಿಯಾಗಿ ಅದೇ ಸಂಖ್ಯೆ ಬಂದರೆ ಪರಿಪೂರ್ಣ ಸಂಖ್ಯೆ. 6 ಹಾಗೆ, 3+2+1. ಕಡಿಮೆ ಬಂದರೆ ಒಂದು ಗುಂಪು, ಜಾಸ್ತಿ ಬಂದರೆ ಇನ್ನೊಂದು. ನಮ್ಮದು ಜಾಸ್ತಿ ಬರುವ ಗುಂಪು. ಎಲ್ಲಾ ಅಪವರ್ತನ ಗೊತ್ತಿಲ್ಲದೆಯೂ ಇದನ್ನು ಹೇಳಬಹುದು. ಅದರ ಅರ್ಧ, ಮೂರನೇ ಒಂದು ಭಾಗ, ಆರನೇ ಒಂದು ಭಾಗ, ಮೂರೂ ಪೂರ್ಣಸಂಖ್ಯೆ. ಆ ಮೂರು ಕೂಡಿದರೇ ಸಂಖ್ಯೆ ಪೂರ್ತಿಯಾಯಿತು. ಇನ್ನು ಐದನೇ ಒಂದು ಭಾಗ, ಹನ್ನೊಂದನೇ ಒಂದು ಭಾಗ ಎಲ್ಲಾ ಅದರ ಮೇಲೆ ಸೇರುತ್ತವೆ. ಆರು ಪರಿಪೂರ್ಣವಾಗಿರುವುದರಿಂದ, ಅದಕ್ಕಿಂತ ದೊಡ್ಡದಾದ ಅದರ ಅಪವರ್ತ್ಯಗಳೆಲ್ಲಾ ಜಾಸ್ತಿಯ ಗುಂಪಿಗೇ ಬರುತ್ತವೆ.

ಹರ್ಷದ್ ಸಂಖ್ಯೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ. ಆ ಹೆಸರು ಇಟ್ಟವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ದ.ರಾ. ಕಾಪ್ರೇಕರ್. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆ ಅದು. ನೋಡಿದಾಗ ಹರ್ಷ ಕೊಡುತ್ತದೆ ಅಂತ ಆ ಹೆಸರು. ನಮ್ಮದರ ಮೊತ್ತ 138, ಅಂದರೆ 6×23. ಆರರಿಂದ ಭಾಗವಾಗುತ್ತದೆ. 23ರಿಂದ ಆದರೆ ಆಯಿತು. ಕೈಯಿಂದಲೇ ಭಾಗಿಸಿದೆ, 3 ಉಳಿಯಿತು. ನಿಜಕ್ಕೂ ಬೇಜಾರಾಯಿತು.

ಇಷ್ಟು ದೊಡ್ಡ ಸಂಖ್ಯೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಕೋಟಿಯವರೆಗೆ ನಮಗೆ ಅಭ್ಯಾಸ ಇದೆ, ಆಮೇಲೆ ಕೋಟಿ ಕೋಟಿ ಅನ್ನಬೇಕಾಗುತ್ತದೆ. ಆದರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತ ಅಂತ ಶುರುವಾಗಿ ಖರ್ವ, ಪದ್ಮ, ಶಂಖ ದಾಟಿ ಕ್ಷೋಭ, ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ನಮ್ಮ ಸಂಖ್ಯೆಗೆ 26 ಸ್ಥಾನ. ಅವರ ಪಟ್ಟಿಗಿಂತ ಎರಡೇ ಮನೆ ಆಚೆ! 189 ಮಹಾಕ್ಷೋಭ, ಆಮೇಲೆ ಉಳಿದದ್ದು. ಸಾವಿರದ ನೂರು ವರ್ಷಕ್ಕೂ ಹಿಂದೆ ಇಷ್ಟು ದೂರ ಹೆಸರಿಟ್ಟುಕೊಂಡು ಹೋಗಿದ್ದರು ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ಪುಸ್ತಕದಲ್ಲಿ ಅವರು ಗುಣಿಸಿದರೆ ಹಾರದ ಹಾಗೆ ಬರುವ ಸಂಖ್ಯೆಗಳನ್ನೂ ಕೊಟ್ಟಿದ್ದಾರೆ. 139×109 ಅಂದರೆ 15151. 12345679×9 ಅಂದರೆ ಒಂಬತ್ತು ಒಂದುಗಳು. 27994681×441 ಅಂದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವು ಹುಡುಕಿ ಪೋಣಿಸಿದ ಮುತ್ತುಗಳು. ಲಂಡನ್ನಿನ ಸಂಖ್ಯೆಗಳು ಹಾಗಲ್ಲ, ಯಾವ ಅಂದವನ್ನೂ ನೋಡದೆ ಕೈಗೆ ಬಂದ ಹಾಗೆ ಎತ್ತಿಕೊಂಡವು. ಹಾಗೆ ಎತ್ತಿಕೊಂಡದ್ದರೊಳಗೆ ಒಂದು ಹನ್ನೊಂದು ಅಡಗಿತ್ತು. ಅದಿಲ್ಲದಿದ್ದರೂ ಅಪ್ಪನ ತಪ್ಪು ಹನ್ನೊಂದರ ತಾಳೆಗೆ ಸಿಗುತ್ತಿತ್ತು. ಆದರೆ ಆ ಸೊನ್ನೆ ಕಂಡಿದ್ದರಿಂದ ನನಗೆ ಅಷ್ಟು ಧೈರ್ಯ ಬಂತು.

ಈಗ ದಿನಾ ಬೆಳಗ್ಗೆ ಕಾಫಿಯ ಹೊತ್ತಿಗೆ ಒಂದೊಂದು ಅವಿಭಾಜ್ಯ ಸಂಖ್ಯೆ ಹಿಡಿದು ಭಾಗಿಸಿ ನೋಡುತ್ತಿದ್ದೇನೆ. ಪೂರ್ತಿ ಸಂಖ್ಯೆ ಬೇಕಾಗಿಲ್ಲ. ಮೊದಲ ಸಂಖ್ಯೆಯಿಂದ 30 ತೆಗೆದರೆ ಉಳಿಯುವ 256212325829, ಎರಡನೆಯದರಿಂದ 11 ತೆಗೆದರೆ ಉಳಿಯುವ 224099976889, ಇವೆರಡನ್ನು ನೋಡಿದರೆ ಸಾಕು. ನೂರರೊಳಗೆ 25 ಅವಿಭಾಜ್ಯ ಸಂಖ್ಯೆಗಳಿವೆ. ಅದರಲ್ಲಿ ನಾಲ್ಕು ಮೊದಲೇ ಸಿಕ್ಕಿದ್ದವು. ಉಳಿದ 21ರಲ್ಲಿ ಒಂದೂ ಒಳಗೆ ಹೋಗಲಿಲ್ಲ. 31, 37, 43, ಎಲ್ಲಕ್ಕೂ ಏನಾದರೊಂದು ಶೇಷ. 59ರಲ್ಲಿ ಎರಡನೆಯದು ಬರೀ 2 ಉಳಿಸಿತು, ಅಷ್ಟು ಹತ್ತಿರ ಬಂದು ತಪ್ಪಿತು ಅನ್ನಿಸಿತು. ಶೇಷಕ್ಕೆ ಹತ್ತಿರ, ದೂರ ಅಂತ ಇಲ್ಲ ಅಂತ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೂ ಹಾಗನ್ನಿಸುತ್ತದೆ.

ನಿನ್ನೆ 101. ಇದು ಸುಲಭ, ಎರಡೆರಡು ಅಂಕಿಯಾಗಿ ಒಡೆದು ಕೂಡು, ಕಳೆ ಮಾಡಿದರೆ ಆಯಿತು. ಅಪ್ಪ ಅಲ್ಪವಿರಾಮ ಹಾಕುತ್ತಿದ್ದ ಹಾಗೆಯೇ ಎರಡೆರಡು. ಮೊದಲನೆಯದರಲ್ಲಿ 28 ಉಳಿಯಿತು, ಎರಡನೆಯದರಲ್ಲಿ 37. ರಾತ್ರಿ ತಮ್ಮ ಫೋನ್ ಮಾಡಿ "ಅಕ್ಕಾ, ಇವತ್ತು ಯಾವುದು?" ಅಂತ ಕೇಳಿದ. ನಾಳೆ 103 ಅವನಿಗೆ ಕೊಟ್ಟಿದ್ದೇನೆ. ಕಂಪ್ಯೂಟರ್ ಮುಟ್ಟದೆ, ಕೈಯಲ್ಲೇ ಮಾಡುತ್ತೇನೆ ಅಂದಿದ್ದಾನೆ.